ಕಾಡೇ ಕಟ್ಟಿಕೊಂಡ ಕಾರ್ಯಾಗಾರ

ಲಂಡನ್ನಿನ ವಾಟರ್‌ಲೂ ನಿಲ್ದಾಣದಲ್ಲಿ ಎಕ್ಸಿಟರ್ ಕಡೆಯ ರೈಲು ಹತ್ತಿದರೆ, ಸುಮಾರು ಎರಡೂವರೆ ಗಂಟೆಯ ಪ್ರಯಾಣದ ನಂತರ ಕ್ರೂಕರ್ನ್ ಎಂಬ ಸಣ್ಣ ನಿಲ್ದಾಣ ಬರುತ್ತದೆ. ಅಲ್ಲಿಂದ ದಕ್ಷಿಣಕ್ಕೆ ಹೊರಳಿದರೆ ಡಾರ್ಸೆಟ್ ಸೀಮೆ. ಬೋರಲು ಹಾಕಿದ ಬೋಗುಣಿಗಳಂಥ ಹಸಿರು ದಿಬ್ಬಗಳು, ಅವುಗಳ ಮೇಲೆ ಚುಕ್ಕಿ ಇಟ್ಟಂತೆ ಕಾಣುವ ಕುರಿಗಳು, ಎರಡೂ ಬದಿಗೆ ಬೇಲಿಗಿಡ ಬೆಳೆದು ಸುರಂಗದಂತಾದ ಕಿರುದಾರಿಗಳು. ಎದುರಿಗೆ ಒಂದು ಟ್ರ್ಯಾಕ್ಟರ್ ಬಂತೆಂದರೆ ಇಬ್ಬರಲ್ಲಿ ಒಬ್ಬರು ಹಿಂದಕ್ಕೆ ಸರಿಯಲೇಬೇಕು. ದಾರಿಯಲ್ಲಿ ಸಿಗುವ ಪೇಟೆಯ ಹೆಸರು ಬರಹದಲ್ಲಿ ಬೀಮಿನ್‌ಸ್ಟರ್. ಊರವರ ಬಾಯಲ್ಲಿ ಬೆಮಿನ್‌ಸ್ಟರ್. ಇದು ಕಾದಂಬರಿಕಾರ ಥಾಮಸ್ ಹಾರ್ಡಿಯ ನಾಡು. ಮರ ನೆಟ್ಟು, ಮರ ಕಡಿದು ಬದುಕುವವರ ಕಥೆಯಾದ ಅವನ ‘ದಿ ವುಡ್‌ಲ್ಯಾಂಡರ್ಸ್’ 1887ರಲ್ಲಿ ಹೊರಬಂತು.

ಬೆಮಿನ್‌ಸ್ಟರ್‌ನಿಂದ ಕೆಲವೇ ಮೈಲಿ ದೂರದಲ್ಲಿ ಹುಕ್ ಎಂಬ ಹಳ್ಳಿ. ಅದರ ಮಗ್ಗುಲಲ್ಲಿ ಹುಕ್ ಪಾರ್ಕ್. ಹೆಸರು ಕೇಳಿ ಹೂವಿನ ಪಾತಿ, ಕಾರಂಜಿ, ಕಲ್ಲುಬೆಂಚುಗಳನ್ನು ನೆನೆಯಬೇಡಿ. ಮಧ್ಯಯುಗದಲ್ಲಿ ಶ್ರೀಮಂತರು ಬೇಟೆಗೆಂದು ಜಿಂಕೆಗಳನ್ನು ಕೂಡಿಹಾಕುತ್ತಿದ್ದ ಬೇಲಿಯೊಳಗಿನ ಕಾಡಿಗೆ ಅಲ್ಲಿ ಪಾರ್ಕ್ ಎಂದು ಹೆಸರು. ಸುಮಾರು 350 ಎಕರೆಯ ಈ ಕಾಡಿನಲ್ಲಿ ಅರಮನೆಯಿಲ್ಲ, ಜಲಪಾತವಿಲ್ಲ, ಹಳೆಯ ಚರ್ಚೂ ಇಲ್ಲ. ಮರಗಳ ನಡುವೆ ಕೆಲವು ಕಾರ್ಯಾಗಾರಗಳಿವೆ, ದಿಮ್ಮಿ ಕುಯ್ಯುವ ಗರಗಸದ ಚಪ್ಪರವಿದೆ, ಹಲಗೆ ಒಣಗಿಸುವ ಚಪ್ಪರವಿದೆ, ವಿದ್ಯಾರ್ಥಿಗಳ ವಸತಿಯಿದೆ. ಅಷ್ಟೇ.

ಆದರೂ ಕಟ್ಟಡ ಕಟ್ಟುವ ಜನ ದೂರದೂರದಿಂದ ಇದನ್ನು ಹುಡುಕಿಕೊಂಡು ಬಂದಿದ್ದಾರೆ. ಕಾರಣ, ಇಲ್ಲಿನ ಕಟ್ಟಡಗಳಿಗೆ ಬೇಕಾದ ಮರವನ್ನು ಬಹುಮಟ್ಟಿಗೆ ಇದೇ ಕಾಡು ಕೊಟ್ಟಿದೆ. ಅದರಲ್ಲೂ ಪೇಟೆಯಲ್ಲಿ ಯಾರೂ ಮೂಸಿ ನೋಡದಂಥ ಮರ!

ಯುದ್ಧ ಬೆಳೆಸಿದ ಕಾಡು

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟನ್ನಿನಲ್ಲಿ ಕಾಡು ಉಳಿದಿದ್ದದ್ದು ನೆಲದ ಶೇಕಡ 5ರಷ್ಟು ಮಾತ್ರ. ಜಗತ್ತಿಗೆಲ್ಲ ಹಡಗು ಕಳಿಸಿದ ದೇಶಕ್ಕೆ ಮೊದಲನೆಯ ಮಹಾಯುದ್ಧದಲ್ಲಿ ಗಣಿಯ ಊರೆಗಂಬಗಳಿಗೂ ಕಂದಕದ ಹಲಗೆಗಳಿಗೂ ಮರದ ಬರ ಬಂತು. ಯುದ್ಧ ಮುಗಿದದ್ದೇ ತಡ, 1919ರಲ್ಲಿ ಸರ್ಕಾರ ಅರಣ್ಯ ಆಯೋಗವನ್ನು ಸ್ಥಾಪಿಸಿತು. ಬೇಗ ಬೆಳೆಯುವ ಸೂಚಿಪರ್ಣಿ ಮರಗಳನ್ನು ಸಾಲುಸಾಲಾಗಿ ನೆಡುವ ಕೆಲಸ ದಶಕಗಳವರೆಗೆ ನಡೆಯಿತು. ಎರಡನೆಯ ಮಹಾಯುದ್ಧದ ನಂತರ ಹುಕ್ ಪಾರ್ಕ್‌ನಲ್ಲೂ ಸ್ಪ್ರೂಸ್, ಬೀಚ್ ಮೊದಲಾದ ಮರಗಳು ಎದ್ದವು.

ಹೀಗೆ ನೆಡುವಾಗ ಸಸಿಗಳನ್ನು ಒತ್ತೊತ್ತಾಗಿ ಇಡುತ್ತಾರೆ. ಎರಡು ಮೀಟರಿಗೆ ಒಂದರಂತೆ ನೆಟ್ಟರೆ ಒಂದು ಹೆಕ್ಟೇರಿಗೆ 2500 ಸಸಿ. ಒತ್ತಾಗಿದ್ದರೆ ಬೆಳಕಿಗಾಗಿ ಪೈಪೋಟಿ ನಡೆಸುತ್ತ, ಅಡ್ಡಗೊಂಬೆ ಬಿಡದೆ ನೆಟ್ಟಗೆ ಮೇಲೇಳುತ್ತವೆ. ಆದರೆ ಅಷ್ಟೂ ಮರ ದಪ್ಪವಾಗಲು ಅಲ್ಲಿ ನೆಲವೂ ಸಾಲದು, ಬೆಳಕೂ ಸಾಲದು. ದಟ್ಟವಾದ ರಾಗಿ ಪೈರನ್ನು ಕುಂಟೆ ಹೊಡೆದು ತೆಳುವು ಮಾಡುವಂತೆ, ಕೆಲವು ವರ್ಷಕ್ಕೊಮ್ಮೆ ಬಡಕಲು ಮರಗಳನ್ನು ಕಡಿದು ಉಳಿದವಕ್ಕೆ ಜಾಗ ಬಿಡಿಸಬೇಕು. ಕೊನೆಗೆ ಹೆಮ್ಮರವಾಗಿ ನಿಲ್ಲುವುದು ಕೆಲವು ನೂರು ಮಾತ್ರ.

ಹಾಗಾದರೆ ನಡುವೆ ಕಡಿದ ತೋಳುಗಾತ್ರದ, ತೊಡೆಗಾತ್ರದ ಸಾವಿರಾರು ಮರಗಳ ಗತಿ? ಕಾಗದದ ಗಿರಣಿ, ಬೇಲಿಗೂಟ, ಇಲ್ಲವೇ ಒಲೆ. ಕಡಿಯುವ ಕೂಲಿಯೂ ಹುಟ್ಟದ ಕಡೆ ಕಡಿಯುವುದನ್ನೇ ಬಿಟ್ಟುಬಿಡುತ್ತಾರೆ. ಆಗ ಕಾಡು ಒಳಗೊಳಗೇ ಕತ್ತಲಾಗಿ ಸೊರಗುತ್ತದೆ. ನೆಲದ ಮೇಲೆ ಹುಲ್ಲೂ ಹುಟ್ಟುವುದಿಲ್ಲ.

ಈ ಪ್ರಶ್ನೆಯನ್ನು ತಲೆಗೆ ಹಚ್ಚಿಕೊಂಡವರು ಜಾನ್ ಮೇಕ್‌ಪೀಸ್. ಪೀಠೋಪಕರಣಗಳ ವಿನ್ಯಾಸದಲ್ಲಿ ಹೆಸರು ಮಾಡಿದ ಅವರು ಬೆಮಿನ್‌ಸ್ಟರ್ ಬಳಿಯ ಪಾರ್ನ್‌ಹ್ಯಾಮ್ ಎಂಬ ಹಳೆಯ ಬಂಗಲೆಯಲ್ಲಿ 1977ರಲ್ಲಿ ಮರಗೆಲಸದ ಶಾಲೆ ತೆರೆದಿದ್ದರು. ಒಳ್ಳೆಯ ಕುರ್ಚಿಗೆ ಒಳ್ಳೆಯ ಮರವೇ ಬೇಕು. ಆದರೆ ಕಾಡಿನಲ್ಲಿ ಅಂಥದ್ದು ಸ್ವಲ್ಪ. ಉಳಿದದ್ದಕ್ಕೆ ಬೆಲೆ ತರುವುದು ಹೇಗೆಂದು ಕಲಿಸುವ ಇನ್ನೊಂದು ಶಾಲೆ ಬೇಕೆಂದು ಅವರಿಗೆ ಅನಿಸಿತು. 1983ರಲ್ಲಿ ಅವರ ಟ್ರಸ್ಟ್ ಹುಕ್ ಪಾರ್ಕ್ ಕಾಡನ್ನೇ ಕೊಂಡಿತು. ಶಾಲೆಗೆ ಮೊದಲು ಬೇಕಾದದ್ದು ಕಾರ್ಯಾಗಾರ. ಅದನ್ನು ಆ ಬೇಡವಾದ ಮರಗಳಿಂದಲೇ ಕಟ್ಟಿ ತೋರಿಸದಿದ್ದರೆ ಪಾಠಕ್ಕೆ ಅರ್ಥವೆಲ್ಲಿ?

ತೂಗುವ ಮನೆ, ಬಾಗಿದ ಕಮಾನು

ಈ ಕೆಲಸಕ್ಕೆ ಬಂದವರು ಸಾಮಾನ್ಯರಲ್ಲ. ಜರ್ಮನಿಯ ಫ್ರೈ ಓಟೋ, 1972ರ ಮ್ಯೂನಿಕ್ ಒಲಿಂಪಿಕ್ಸ್ ಕ್ರೀಡಾಂಗಣದ ಜೇಡರಬಲೆಯಂಥ ಚಾವಣಿಯಿಂದ ಲೋಕಪ್ರಸಿದ್ಧರಾದವರು. ಎರಡನೆಯ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಸೆರೆಯಾಳಾಗಿದ್ದಾಗ, ಸಿಕ್ಕಿದಷ್ಟೇ ಸಾಮಗ್ರಿಯಲ್ಲಿ ಶಿಬಿರದ ಕಟ್ಟಡ ಕೆಲಸ ನೋಡಿಕೊಂಡ ಅವರು ಕಡಮೆಯಲ್ಲಿ ಹೆಚ್ಚು ಕಟ್ಟುವುದನ್ನೇ ಬದುಕಿನುದ್ದಕ್ಕೂ ಹುಡುಕಿದರು. ಅವರೊಂದಿಗೆ ಲಂಡನ್ನಿನ ವಾಸ್ತುಶಿಲ್ಪಿಗಳಾದ ಆರೆಂಡ್ಸ್, ಬರ್ಟನ್ ಮತ್ತು ಕೊರಾಲೆಕ್ ಅವರ ಸಂಸ್ಥೆ. ಲೆಕ್ಕಾಚಾರಕ್ಕೆ ಬ್ಯೂರೋ ಹ್ಯಾಪೋಲ್ಡ್ ಸಂಸ್ಥೆಯ ಎಂಜಿನಿಯರುಗಳು.

ದುಂಡು ಮರವನ್ನು ಚೌಕ ತೊಲೆಯಾಗಿ ಕುಯ್ದರೆ ಎಷ್ಟು ನಷ್ಟ? ಹೈಸ್ಕೂಲಿನ ಗಣಿತ ಸಾಕು. ವೃತ್ತದೊಳಗೆ ಹಿಡಿಸುವ ಅತಿ ದೊಡ್ಡ ಚೌಕದ ವಿಸ್ತೀರ್ಣ ವೃತ್ತದ ಶೇಕಡ 64ಕ್ಕಿಂತ ತುಸು ಕಡಮೆ. ಅಂದರೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಮರ ಸಿಬಿರು, ಹೊಟ್ಟು ಆಗಿ ಹೋಯಿತು. ತೋಳುಗಾತ್ರದ ಮರಕ್ಕೆ ಈ ನಷ್ಟ ತಡೆಯದು. ಅದಲ್ಲದೆ ಗರಗಸ ತಗಲಿದಲ್ಲೆಲ್ಲ, ಬುಡದಿಂದ ತುದಿಯವರೆಗೆ ಹರಿದ ನಾರುಗಳು ಕಡಿದುಹೋಗುತ್ತವೆ. ಕುಯ್ಯದೆ ಬಿಟ್ಟ ದುಂಡು ಮರದಲ್ಲಿ ಅವು ಅಖಂಡ. ಆದ್ದರಿಂದ ಸಣ್ಣ ಮರವನ್ನು ದುಂಡಾಗಿಯೇ ಬಳಸುವುದು ಎಂದು ತೀರ್ಮಾನವಾಯಿತು.

ಇನ್ನು ಆಕಾರದ ಮಾತು. ಹುಕ್ ಹಳ್ಳಿಯ ಹೆಸರಿಗೂ ಭೌತಶಾಸ್ತ್ರದ ಪಾಠದಲ್ಲಿ ಬರುವ ರಾಬರ್ಟ್ ಹುಕ್ ಎಂಬ ವಿಜ್ಞಾನಿಗೂ ಸಂಬಂಧ ಕಲ್ಪಿಸಬೇಕಾಗಿಲ್ಲ. ಆದರೆ ಈ ಕಾಡಿನ ಕಟ್ಟಡಗಳನ್ನು ನೋಡಿದ್ದರೆ ಆತ ಹಿಗ್ಗುತ್ತಿದ್ದ. ಸ್ಪ್ರಿಂಗಿನ ನಿಯಮಕ್ಕೆ ಹೆಸರಾದ ಹುಕ್, 1675ರಲ್ಲಿ ಇನ್ನೊಂದು ಗುಟ್ಟನ್ನು ಅಕ್ಷರಗಳ ಒಗಟಾಗಿ ಅಚ್ಚು ಮಾಡಿಸಿದ. ಅದರ ತಾತ್ಪರ್ಯ ಇಷ್ಟು: ಎರಡು ತುದಿ ಹಿಡಿದು ಸರಪಳಿಯನ್ನು ಜೋಲು ಬಿಟ್ಟರೆ ಅದು ಯಾವ ಆಕಾರ ತಾಳುತ್ತದೋ, ಅದನ್ನು ತಲೆಕೆಳಗು ಮಾಡಿದರೆ ಕಮಾನಿಗೆ ಒಪ್ಪುವ ಆಕಾರ ಸಿಗುತ್ತದೆ. ಜೋಲುವ ಸರಪಳಿಯಲ್ಲಿ ಎಳೆತ ಮಾತ್ರ; ಮಗುಚಿದ ಕಮಾನಿನಲ್ಲಿ ಒತ್ತಡ ಮಾತ್ರ.

ಹುಕ್ ಪಾರ್ಕ್‌ನಲ್ಲಿ ಈ ನಿಯಮದ ಎರಡು ಮುಖಗಳೂ ಕಾಣಸಿಗುತ್ತವೆ. ಮೊದಲು ಎದ್ದದ್ದು ಮಾದರಿಗೆಂದು ಕಟ್ಟಿದ ಒಂದು ಮನೆ. ಅದರ ಚಾವಣಿಯ ಸ್ಪ್ರೂಸ್ ಗಳುಗಳು ನೆತ್ತಿಯಿಂದ ಗೋಡೆಯ ಕಡೆಗೆ ಜೋತುಬಿದ್ದಿವೆ. ಡೇರೆಯ ಬಟ್ಟೆ ಇಳಿಬಿದ್ದಂತೆ. ಮರ ಎಳೆತವನ್ನು ಚೆನ್ನಾಗಿ ತಡೆಯುತ್ತದೆ. ಕಷ್ಟವೆಲ್ಲ ಅದರ ತುದಿಯನ್ನು ಹಿಡಿದುಕೊಳ್ಳುವುದರಲ್ಲಿ. ಬೋಲ್ಟು ಹಾಕಿ ಎಳೆದರೆ ನಾರಿನುದ್ದಕ್ಕೂ ಸೀಳುತ್ತದೆ. ಇದಕ್ಕೆ ಬಾತ್ ವಿಶ್ವವಿದ್ಯಾಲಯದ ನೆರವಿನಿಂದ ಉಪಾಯ ಹುಡುಕಿದರು: ಗಳುವಿನ ತುದಿಯಲ್ಲಿ ರಂಧ್ರ ಕೊರೆದು, ತಿರುಪು ಕೊರೆದ ಉಕ್ಕಿನ ಸರಳನ್ನು ಎಪಾಕ್ಸಿ ಅಂಟಿನಲ್ಲಿ ನೆಟ್ಟುಬಿಡುವುದು. ಭಾರ ಒಂದೇ ಕಡೆ ಬೀಳದೆ ಸುತ್ತಲ ನಾರಿಗೆಲ್ಲ ಹಂಚಿಹೋಗುತ್ತದೆ.

ಎರಡನೆಯದು 1989ರಲ್ಲಿ ಮುಗಿದ ಕಾರ್ಯಾಗಾರ. ಇಲ್ಲಿ ಹಸಿ ಸ್ಪ್ರೂಸ್ ಗಳುಗಳನ್ನೇ ಬಗ್ಗಿಸಿ ಕಮಾನು ಮಾಡಿದ್ದಾರೆ. ಮರ ಹಸಿಯಾಗಿದ್ದಾಗ ನಾರು ಮೆತ್ತಗಿದ್ದು ಸುಲಭವಾಗಿ ಬಾಗುತ್ತದೆ; ಬಾಗಿದ ಸ್ಥಿತಿಯಲ್ಲೇ ಒಣಗಿದರೆ ಆ ಬಾಗು ಬಹುಮಟ್ಟಿಗೆ ಉಳಿಯುತ್ತದೆ. ಒಳಗೆ ನಿಂತು ತಲೆಯೆತ್ತಿದರೆ, ಮಗುಚಿದ ಹಡಗಿನ ಪಕ್ಕೆಲುಬುಗಳ ನಡುವೆ ನಿಂತಂತೆ. ಬೇಲಿಗೂಟವಾಗಬೇಕಿದ್ದ ಬಡಕಲು ಮರಗಳು ನಡುವೆ ಒಂದು ಕಂಬವಿಲ್ಲದೆ ಹಜಾರವನ್ನು ಹೊತ್ತು ನಿಂತಿವೆ. 1996ರಲ್ಲಿ ವಾಸ್ತುಶಿಲ್ಪಿ ಎಡ್ವರ್ಡ್ ಕಲಿನನ್ ಅವರ ವಿನ್ಯಾಸದಲ್ಲಿ ಹುಲ್ಲುಹಾಸಿನ ಮಾಡಿನ ವಿದ್ಯಾರ್ಥಿ ವಸತಿಯೂ ಇದೇ ಬಗೆಯ ದುಂಡು ಮರದಿಂದ ಎದ್ದಿತು.

ಕನಸು ಕುಂಟಿದಾಗ

ಇಷ್ಟೆಲ್ಲ ಆದರೂ ಎಲ್ಲವೂ ಸುಸೂತ್ರವಾಗಲಿಲ್ಲ. ಕಾಡಂಚಿನ ಹಳ್ಳಿಗಳಲ್ಲಿ ಸಣ್ಣ ಮರದ ಉದ್ಯಮಗಳು ಹುಟ್ಟಿ, ಬ್ರಿಟನ್ನಿನ ತುಂಬ ಗಳುಮನೆಗಳು ಏಳುತ್ತವೆ ಎಂಬ ಆಸೆ ಕೈಗೂಡಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ಗಿರಣಿಯಲ್ಲಿ ಕುಯ್ದ ಹಲಗೆ ಒಂದರಂತೆ ಇನ್ನೊಂದು. ಅಂಗಡಿಯಿಂದ ತಂದು ಯಾರು ಬೇಕಾದರೂ ಹೊಡೆಯಬಹುದು. ದುಂಡು ಮರದಲ್ಲಿ ಒಂದೊಂದೂ ಬೇರೆ: ಒಂದು ಬುಡದಲ್ಲಿ ದಪ್ಪ, ಒಂದು ನಡುವೆ ಡೊಂಕು. ಪ್ರತಿಯೊಂದನ್ನೂ ಅಳೆದು, ತಿರುಗಿಸಿ ನೋಡಿ ಜೋಡಿಸಬೇಕು. ಮರ ಅಗ್ಗ, ಕೈಗೆಲಸ ದುಬಾರಿ. 2002ರಲ್ಲಿ ಹುಕ್ ಪಾರ್ಕ್ ಲಂಡನ್ನಿನ ಹಳೆಯ ವಾಸ್ತುಶಿಲ್ಪ ಶಾಲೆಯಾದ ಆರ್ಕಿಟೆಕ್ಚರಲ್ ಅಸೋಸಿಯೇಷನ್ನಿನ ಕೈಗೆ ಬಂತು.

ಆ ಶಾಲೆ ಇಲ್ಲಿ ಹೊಸ ಪಾಠಕ್ರಮ ಆರಂಭಿಸಿತು. ಕಾಗದದ ಮೇಲೆ ಗೆರೆ ಎಳೆದವರೇ ಮರವನ್ನು ಆರಿಸಬೇಕು, ಕಡಿಸಬೇಕು, ಕುಯ್ಯಬೇಕು, ಕೊನೆಗೆ ಕಟ್ಟಿ ನಿಲ್ಲಿಸಬೇಕು. ದೊಡ್ಡ ಕಟ್ಟಡದ ಭಾಗಗಳನ್ನು ಮಳೆಗೆ ನೆನೆಯದಂತೆ ಜೋಡಿಸಲು ಜಾಗವಿರಲಿಲ್ಲ. ಆದ್ದರಿಂದ ಮೊದಲು ಮಾಡಿದ್ದು ಇನ್ನೊಂದು ಕಾರ್ಯಾಗಾರ. 2012ರಲ್ಲಿ ಮುಗಿದ ಇದರ ಹೆಸರು ‘ಬಿಗ್ ಶೆಡ್’. ಲಾರ್ಚ್ ಜಾತಿಯ ದುಂಡು ದಿಮ್ಮಿಗಳನ್ನು ಉದ್ದನೆಯ ತಿರುಪುಮೊಳೆಗಳಿಂದ ಬಿಗಿದು ಮಾಡಿದ ಭಾರಿ ಚೌಕಟ್ಟುಗಳ ಮೇಲೆ ಅದು ನಿಂತಿದೆ. ಆಮೇಲೆ ಬಂದ ಕಟ್ಟಡಗಳಿಗೆಲ್ಲ ಅದೇ ಸೂತಿಕಾಗೃಹವೆನ್ನಬಹುದು.

ಕವಲಿನ ಕರಾಮತ್ತು

ಅವುಗಳಲ್ಲಿ ಬೆರಗು ಹುಟ್ಟಿಸುವುದು 2016ರ ಹೊತ್ತಿಗೆ ಸಿದ್ಧವಾದ ಮರದ ಚಕ್ಕೆಗಳ ಕಣಜ. ಚಳಿಗಾಲದಲ್ಲಿ ಕಟ್ಟಡಗಳನ್ನು ಬೆಚ್ಚಗಿಡುವ ಬಾಯ್ಲರಿಗೆ ಕಾಡಿನದೇ ಚಕ್ಕೆ ಉರುವಲು. ಅದನ್ನು ಕೂಡಿಡಲು ಈ ಕಣಜ. ಇದರ ಆಧಾರ ಬೀಚ್ ಮರದ ಕವಲುಗಳು. ಕವಲಿರುವ ಮರವನ್ನು ಹಲಗೆ ಗಿರಣಿ ತಳ್ಳಿಹಾಕುತ್ತದೆ. ಆದರೆ ಕೊಂಬೆ ಕಾಂಡವನ್ನು ಸೇರುವಲ್ಲಿ ನಾರುಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಗಾಳಿಗೆ ತೂಗುವ ಭಾರದ ಕೊಂಬೆಯನ್ನು ದಶಕಗಟ್ಟಲೆ ಹಿಡಿದಿರುವ ಅಂಥ ಕೂಡನ್ನು ಮನುಷ್ಯ ಉಳಿ ಕೊಡತಿಗಳಿಂದ ಮಾಡುವುದು ಸುಲಭವಲ್ಲ.

ಇದು ರೈತರಿಗೆ ಹೊಸ ಮಾತಲ್ಲ. ಕನ್ನಡ ನಾಡಿನಲ್ಲಿ ಮರದ ನೇಗಿಲು ಮಾಡುವ ಬಡಗಿ, ತಾನೇ ಬಾಗಿ ಬೆಳೆದ ಕೊಂಬೆಯನ್ನು ಹುಡುಕಿ ತರುತ್ತಿದ್ದ; ನೆಟ್ಟನೆಯ ಮರದಿಂದ ಬಾಗು ಕೆತ್ತಿದರೆ ಅಡ್ಡನಾರಿನಲ್ಲಿ ಮುರಿಯುತ್ತದೆಂದು ಬಲ್ಲ. ಚಪ್ಪರಕ್ಕೆ ಕವೆಗಂಬ ಹುಡುಕುವವರ ಲೆಕ್ಕವೂ ಅದೇ. ಇಂಗ್ಲೆಂಡಿನ ಹಡಗು ಕಟ್ಟುವವರೂ ಡೊಂಕು ಓಕ್ ಮರಗಳನ್ನು ಹೀಗೆಯೇ ಆರಿಸುತ್ತಿದ್ದರು.

ಹುಕ್ ಪಾರ್ಕ್‌ನ ವಿದ್ಯಾರ್ಥಿಗಳು ಈ ಹಳೆಯ ಜಾಣತನಕ್ಕೆ ಹೊಸ ಉಪಕರಣ ಜೋಡಿಸಿದರು. ಕಾಡಿನಲ್ಲಿ ನಿಂತಿದ್ದ 204 ಬೀಚ್ ಮರಗಳ ಕವಲುಗಳನ್ನು ಛಾಯಾಚಿತ್ರಗಳಿಂದ ದಾಖಲು ಮಾಡಿದರು. ಅವುಗಳಲ್ಲಿ 25 ಆರಿಸಿ ತಂದರು. ಒಂದೊಂದನ್ನೂ ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ, ಯಾವುದು ಎಲ್ಲಿ ಹೊಂದುತ್ತದೆಂದು ಕಂಪ್ಯೂಟರಿನಲ್ಲಿ ಆಡಿಸಿ ನೋಡಿದರು. ಕೊನೆಗೆ 20 ಕವಲುಗಳು ಕಟ್ಟಡದಲ್ಲಿ ಸೇರಿದವು. ರೋಬಾಟ್ ತೋಳು ಕವಲಿನ ತುದಿಗಳಲ್ಲಿ ಜೋಡಣೆಯ ಗಾಡಿಗಳನ್ನು ಕೊರೆಯಿತು. ನಡುವಿನ ಮೈಯನ್ನು ಮುಟ್ಟಲಿಲ್ಲ. ಯಂತ್ರವೆಂದರೆ ಎಲ್ಲವನ್ನೂ ಒಂದೇ ಅಚ್ಚಿಗೆ ಹಾಕುವುದೆಂಬ ಮಾತು ಇಲ್ಲಿ ಸುಳ್ಳಾಯಿತು.

ಗರಗಸ ಕಲಿಸುವ ಪಾಠ

ಹಾಗೆಂದು ಎಲ್ಲವನ್ನೂ ದುಂಡಾಗಿ ಬಳಸಲಾಗದು. ಬಾಗಿಲಿಗೆ, ನೆಲಕ್ಕೆ, ಗೋಡೆಯ ಹೊದಿಕೆಗೆ ಹಲಗೆ ಬೇಕು. ಅದಕ್ಕೆ ಕಾಡಿನೊಳಗೇ ಗರಗಸವಿದೆ. ಅದರ ಮೇಲಿನ ಚಪ್ಪರವೂ ವಿದ್ಯಾರ್ಥಿಗಳದೇ ಕೆಲಸ: 2017ರಲ್ಲಿ ಕೆಂಪು ಸಿಡಾರ್ ಮರದ ತೆಳುಪಟ್ಟಿಗಳನ್ನು ಜೋಲು ಬಿಟ್ಟು ಮಾಡಿದ್ದು. ಮೂವತ್ತು ವರ್ಷದ ಹಿಂದಿನ ತೂಗುಮನೆಯ ಮೊಮ್ಮಗು ಎನ್ನಬಹುದು.

ತಾನೇ ಮರ ಕುಯ್ದವನಿಗೆ ತಿಳಿಯುವುದು ಅಂಗಡಿಯ ಹಲಗೆ ಕೊಂಡವನಿಗೆ ತಿಳಿಯದು. ಆಗತಾನೇ ಉರುಳಿಸಿದ ಸ್ಪ್ರೂಸ್ ಮರದ ಹೊರಪದರದಲ್ಲಿ, ಒಣಮರದ ತೂಕಕ್ಕಿಂತಲೂ ಹೆಚ್ಚು ನೀರಿರಬಹುದು. ಮೊದಲು ನಾರಿನ ಪೊಳ್ಳಿನಲ್ಲಿರುವ ನೀರು ಹೋಗುತ್ತದೆ. ಆಗ ಮರ ಹಗುರವಾಗುತ್ತದೆ, ಕುಗ್ಗುವುದಿಲ್ಲ. ತೇವಾಂಶ ಸುಮಾರು ಶೇಕಡ 30ಕ್ಕಿಂತ ಕೆಳಗಿಳಿದ ಮೇಲೆ ನಾರಿನ ಗೋಡೆಯೇ ಒಣಗತೊಡಗುತ್ತದೆ. ಕುಗ್ಗುವುದು ಆಗ. ಅದೂ ಎಲ್ಲ ಕಡೆ ಒಂದೇ ಸಮ ಅಲ್ಲ. ವಾರ್ಷಿಕ ಉಂಗುರದ ಗುಂಟ ಆಗುವ ಕುಗ್ಗುವಿಕೆ, ತಿರುಳಿನಿಂದ ತೊಗಟೆಯ ಕಡೆಗಿನದಕ್ಕಿಂತ ಹೆಚ್ಚುಕಡಮೆ ಎರಡು ಪಟ್ಟು. ದಿಮ್ಮಿಯ ತಲೆಯಲ್ಲಿ ನಕ್ಷತ್ರದಂಥ ಬಿರುಕು ಬಿಡುವುದಕ್ಕೂ ಹಲಗೆ ದೋಣಿಯಂತೆ ಮಗುಚಿಕೊಳ್ಳುವುದಕ್ಕೂ ಇದೇ ಕಾರಣ. ಉದ್ದದಲ್ಲಿ ಮಾತ್ರ ಮರ ಕುಗ್ಗುವುದು ಲೆಕ್ಕಕ್ಕಿಲ್ಲದಷ್ಟು.

ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಒಣಗಿಸು ಎಂಬುದು ಅಲ್ಲಿನ ಬಡಗಿಗಳ ಹಳೆಯ ಲೆಕ್ಕ. ಹಲಗೆಗಳ ನಡುವೆ ಸಣ್ಣ ಪಟ್ಟಿ ಇಟ್ಟು, ಗಾಳಿಯಾಡುವಂತೆ ಪೇರಿಸಿ, ಮಳೆ ಬಿಸಿಲು ತಾಗದಂತೆ ಕಾಯಬೇಕು. ಪರೀಕ್ಷೆಯ ದಿನಾಂಕ ಹತ್ತಿರ ಬಂತೆಂದು ಮರ ಅವಸರ ಮಾಡುವುದಿಲ್ಲ.

ಉಳಿದ ಪ್ರಶ್ನೆ

ಇದೊಂದು ಪುಟ್ಟ ಕಾಡು. ಕಲಿತು ಹೊರಡುವವರೂ ಕೆಲವರೇ. ಬ್ರಿಟನ್ ತನಗೆ ಬೇಕಾದ ಮರದ ಐದರಲ್ಲಿ ಸುಮಾರು ನಾಲ್ಕು ಪಾಲನ್ನು ಹೊರಗಿನಿಂದಲೇ ತರಿಸುತ್ತದೆ. ತನ್ನ ಕಾಡಿನ ಸಣ್ಣ ಮರವನ್ನು ಸುಟ್ಟು, ಬೇರೆಯವರ ಕಾಡಿನ ದೊಡ್ಡ ಮರವನ್ನು ಕೊಳ್ಳುವ ವ್ಯವಹಾರ ಇದು. ಮರದ ಒಣತೂಕದಲ್ಲಿ ಸುಮಾರು ಅರ್ಧ ಇಂಗಾಲ. ಒಲೆಗೆ ಹಾಕಿದರೆ ಅದು ಒಂದು ಗಂಟೆಯಲ್ಲಿ ಗಾಳಿಗೆ ಸೇರುತ್ತದೆ. ಕಟ್ಟಡದಲ್ಲಿ ನಿಲ್ಲಿಸಿದರೆ ಆ ಕಟ್ಟಡ ಇರುವಷ್ಟು ಕಾಲ ಅಲ್ಲೇ ಉಳಿಯುತ್ತದೆ.

ಕಾಡಿಗೆ ಹೊಸ ಕಂಟಕಗಳೂ ಬಂದಿವೆ. 2009ರಿಂದ ಇಂಗ್ಲೆಂಡಿನ ನೈಋತ್ಯ ಭಾಗದ ಲಾರ್ಚ್ ಮರಗಳಿಗೆ ಒಂದು ರೋಗ ತಗಲಿ ನೆಡುತೋಪುಗಳನ್ನೇ ಕಡಿಯಬೇಕಾಯಿತು. 2012ರಲ್ಲಿ ಬ್ರಿಟನ್ನಿನಲ್ಲಿ ಮೊದಲು ಪತ್ತೆಯಾದ ಶಿಲೀಂಧ್ರ ರೋಗ ಆಶ್ ಮರಗಳ ಸಂತತಿಗೇ ಕುತ್ತಾಗಿದೆ. ಅಮೆರಿಕದಿಂದ ತಂದು ಬಿಟ್ಟ ಬೂದು ಅಳಿಲು ಬೀಚ್ ಮರಗಳ ತೊಗಟೆ ಸುಲಿಯುತ್ತದೆ. ಒಂದೇ ಜಾತಿಯ, ಒಂದೇ ವಯಸ್ಸಿನ ನೆಟ್ಟನೆಯ ಮರಗಳನ್ನು ಮಾತ್ರ ನಂಬಿ ಕೂತರೆ ಒಂದು ರೋಗ ಬಂದರೂ ಸಾಕು, ಎಲ್ಲವೂ ಹೋಯಿತು. ಹಲವು ಜಾತಿಯ, ಹಲವು ಗಾತ್ರದ, ಸೊಟ್ಟ ಮರಗಳಿಗೂ ಕೆಲಸ ಕೊಡಬಲ್ಲ ಬಡಗಿ ಇದ್ದರೆ ಮಾತ್ರ ಅಂಥ ಮಿಶ್ರ ಕಾಡನ್ನು ಬೆಳೆಸಲು ಮಾಲೀಕನಿಗೆ ಧೈರ್ಯ ಬರುತ್ತದೆ. ಹುಕ್ ಪಾರ್ಕ್‌ನ ಕಾರ್ಯಾಗಾರಗಳು ಹೇಳುವುದು ಇದನ್ನೇ: ಕಟ್ಟಡಕ್ಕೆ ತಕ್ಕಂತೆ ಮರ ಹುಡುಕುವುದು ಒಂದು ದಾರಿ, ಇರುವ ಮರಕ್ಕೆ ತಕ್ಕಂತೆ ಕಟ್ಟಡ ಯೋಚಿಸುವುದು ಇನ್ನೊಂದು. ಎರಡನೆಯದರಲ್ಲಿ ಕಾಡು ಉಳಿಯುವ ಸಾಧ್ಯತೆ ಹೆಚ್ಚು.

ಹುಕ್ ಪಾರ್ಕ್ ಟಿಕೆಟ್ಟು ಕೊಂಡು ಸುತ್ತಾಡುವ ತಾಣವಲ್ಲ, ಕಲಿಯುವವರ ಜಾಗ. ಮೊದಲೇ ಬರೆದು ಕೇಳಿ ಹೋಗುವುದು ಒಳ್ಳೆಯದು. ಹಾದಿಯ ಕೆಸರಿಗೆ ಗಟ್ಟಿ ಬೂಟು ಇರಲಿ. 2015ರ ಮಾರ್ಚ್ 9ರಂದು ಫ್ರೈ ಓಟೋ ತೀರಿಕೊಂಡರು. ವಾಸ್ತುಶಿಲ್ಪದ ಅತ್ಯುನ್ನತ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಅವರಿಗೆ ಸಂದಿದೆಯೆಂದು ಮರುದಿನ ಲೋಕಕ್ಕೆ ತಿಳಿಯಿತು. ಆ ಹೊತ್ತಿಗೆ ಡಾರ್ಸೆಟ್ಟಿನ ಈ ಕಾಡಿನಲ್ಲಿ ಅವರು ಬಗ್ಗಿಸಿ ನಿಲ್ಲಿಸಿದ ಬಡಕಲು ಗಳುಗಳಿಗೆ ಇಪ್ಪತ್ತೈದು ತುಂಬಿತ್ತು. ಅವನ್ನು ಕಡಿದು ತಂದ ಜಾಗದಲ್ಲಿ ಉಳಿದ ಮರಗಳು ಅಷ್ಟೂ ವರ್ಷ ಬೆಳಕು ಕುಡಿದು ದಪ್ಪವಾಗುತ್ತಿದ್ದವು.